ಹಿಂಡಿದ ಮೇಲೂ ಉಳಿಯುವ ನೀರು

ಜುಲೈ ೮

ಅತ್ತೆಯ ಕೋಣೆಯ ಗೋಡೆಗೆ ತೇವ ಹತ್ತಿದೆ. ಛಾವಣಿಯ ಬಳಿ ಶುರುವಾಗಿ ಎದೆಮಟ್ಟದವರೆಗೆ ಇಳಿದಿದೆ. ಬಣ್ಣ ಹಪ್ಪಳದ ಹಾಗೆ ಉಬ್ಬಿದೆ, ಅಂಚಿಗೆ ಕರಿ ಬೂಷ್ಟು. ಆ ಗೋಡೆಯ ನೆತ್ತಿಗೆ ಸರಿಯಾಗಿ ಮೇಲಿನ ಮನೆಯವರ ಬಚ್ಚಲಿದೆ. ಇದಕ್ಕೆ ಪತ್ತೇದಾರ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಮೇಲಿನ ಮನೆಯವರೆಂದರೆ ಮೋಹನದಾಸ್ ಮತ್ತು ಅವನ ಹೆಂಡತಿ ಇಂದೂ. ಕುಂದಾಪುರದ ಕಡೆಯವರು, ಇಲ್ಲಿ ಕ್ಯಾಂಪ್ ಪೇಟೆಯಲ್ಲಿ ಹೋಟೆಲು. ಸಾಂಬಾರಿಗೆ ಬೆಲ್ಲ ಸುರಿದು ಅರ್ಧ ಪುಣೆಯ ನಾಲಿಗೆ ಕೆಡಿಸಿದ ಪುಣ್ಯಾತ್ಮರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಆತ ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ "ತಿಂಡಿ ಆಯ್ತಾ ಮೇಡಂ?" ಎನ್ನುತ್ತಾನೆ. ಆಗಿಲ್ಲ ಎಂದರೆ ತಂದು ಕೊಡುತ್ತಾನೆಯೇ? ಹೋಟೆಲಿನವರಿಗೆ ಇಡೀ ಜಗತ್ತೇ ಗಿರಾಕಿ.

ತಮಾಷೆಯೆಂದರೆ, ಇವತ್ತೇ ನಾನು ಡ್ಯಾಂಪ್ ಎಂಬ ಶಬ್ದಕ್ಕೆ ಬಂದು ಮುಟ್ಟಿದ್ದು. ಧಾರವಾಡದ ಹೊಳಬಸಪ್ಪ ಎಂಬ ಪ್ರಕಾಶಕ ಶಾಲೆಯ ಮಕ್ಕಳಿಗೆಂದು ಇಂಗ್ಲಿಷ್-ಕನ್ನಡ ಶಬ್ದಕೋಶ ಮಾಡಿಸುತ್ತಿದ್ದಾನೆ. ಜನ್ಮವಿಡೀ ಕ್ಯಾಂಪಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಅವನಿಗೆ ಅಗ್ಗಕ್ಕೆ ಸಿಕ್ಕಿದ್ದೇನೆ. ಮಾದರಿಗೆಂದು ಅವನು ಕಳಿಸಿದ ಹಳೆಯ ಕೋಶದಲ್ಲಿ ಡ್ಯಾಂಪ್ ಎಂದರೆ ತೇವ, ಹ್ಯುಮಿಡ್ ಎಂದರೆ ತೇವ, ಮಾಯಿಸ್ಟ್ ಎಂದರೆ ತೇವ. ವೆಟ್ ಎಂದರೂ ತೇವವೇ. ಅದನ್ನು ಬರೆದ ಮಹಾಶಯನ ಪ್ರಕಾರ ಇಂಗ್ಲಿಷರು ಒಂದೇ ಮಾತಿಗೆ ನಾಲ್ಕು ಸಲ ಉಸಿರು ದಂಡ ಮಾಡಿದ್ದಾರೆ.

ನಾನು ಬರೆದದ್ದು ಹೀಗೆ. ಡ್ಯಾಂಪ್: ಇರಬಾರದ ಕಡೆ ಇರುವ ತೇವ. ಕೇಕು ಮಾಯಿಸ್ಟ್ ಆಗಿದ್ದರೆ ಇನ್ನೊಂದು ತುಂಡು ಕೇಳುತ್ತಾರೆ, ಬಿಸ್ಕಿಟು ಡ್ಯಾಂಪ್ ಆಗಿದ್ದರೆ ಎಸೆಯುತ್ತಾರೆ. ಮಳೆಯಲ್ಲಿ ನೆನೆದು ಬಂದವನು ವೆಟ್. ಉದಾಹರಣೆ ವಾಕ್ಯ: 'ಮೇಲಿನವರ ಬೇಜವಾಬ್ದಾರಿಯಿಂದ ನಮ್ಮ ಗೋಡೆ ಡ್ಯಾಂಪ್ ಆಗಿದೆ.' ಮಕ್ಕಳು ಇದರ ಜೊತೆಗೆ ಪೌರನೀತಿಯನ್ನೂ ಕಲಿತಂತಾಯಿತು.

ಜುಲೈ ೧೩

ಮೈದುನ ರಾಘಣ್ಣ ಊರಿನ ಆಚೆ ತುದಿಯ ಖರಾಡಿಯಿಂದ ಬಂದಿದ್ದ. ತಾಯಿಯನ್ನು ನೋಡಲು ಬರುವಾಗಲೂ ಕೊರಳಿಗೆ ಆಫೀಸಿನ ಐಡಿ ಪಟ್ಟಿ ನೇತು ಹಾಕಿಕೊಂಡೇ ಬರುತ್ತಾನೆ, ತಾಯಿ ಗುರುತು ಹಿಡಿಯುವುದಿಲ್ಲವೇನೋ ಎಂಬಂತೆ. ಗೋಡೆ ನೋಡಲು ಒಳಗೆ ನುಗ್ಗಿದವನ ತಲೆ ಮಡಿ ಸೀರೆಗೆ ತಾಗುವುದರಲ್ಲಿತ್ತು.

"ಮುಟ್ಟಬ್ಯಾಡೋ! ದೂರ ಸರಿ!" ಎಂದು ಅತ್ತೆ ಕೂಗಿದರು. ಆ ಕೂಗಿಗೆ ಕೆಮ್ಮು ಬಂತು.

ಅತ್ತೆಯ ಈ ಮಡಿಯ ಬಗ್ಗೆ ಬರೆದರೆ ಇನ್ನೊಂದು ಶಬ್ದಕೋಶವೇ ಆದೀತು. ಬೆಳಿಗ್ಗೆ ಸ್ನಾನವಾದ ಮೇಲೆ ಒಂಬತ್ತು ವಾರಿ ಸೀರೆಯನ್ನು ತಾವೇ ನೀರಿಗೆ ಹಾಕಿ, ತಾವೇ ಹಿಂಡಿ, ಕೋಲಿನಿಂದ ಎತ್ತಿ, ಛಾವಣಿಗೆ ಹತ್ತಿರ ಕಟ್ಟಿದ ಬಿದಿರಿನ ಗಳದ ಮೇಲೆ ಹಾಕಬೇಕು. ಮರುದಿನ ಅದನ್ನು ಅವರೇ ಉಡುವ ತನಕ ಯಾರ ನೆರಳೂ ಬೀಳಬಾರದು. ಅದನ್ನು ಉಟ್ಟೇ ತಮ್ಮ ಪುಟ್ಟ ಒಲೆಯಲ್ಲಿ ದೇವರಿಗೂ ತಮಗೂ ಅಡುಗೆ. ಆ ಹೊತ್ತಿನಲ್ಲಿ ಕೋಣೆಯ ಬಾಗಿಲು ಮುಚ್ಚಿರುತ್ತದೆ, ನಾವೆಲ್ಲ ಮೈಲಿಗೆ. ಈಗಂತೂ ಚಾತುರ್ಮಾಸ, ಕಟ್ಟುನಿಟ್ಟು ಇನ್ನೂ ಜಾಸ್ತಿ. ನಾನು ಸೊಸೆಯಾಗಿ ಬಂದಾಗಿನಿಂದ ಆ ಸೀರೆ ಅಲ್ಲಿ ತೂಗುತ್ತಿದೆ. ಫ್ಯಾನನ್ನು ಹೇಗೆ ಯಾರೂ ನೋಡುವುದಿಲ್ಲವೋ ಅದನ್ನೂ ಹಾಗೆಯೇ ಯಾರೂ ನೋಡುವುದಿಲ್ಲ.

"ವೈನಿ, ಈ ಥಂಡಿ ಗ್ವಾಡಿ ಬಾಜೂಕ ಅವ್ವ ಮಲಗೋದು ಸರಿ ಅಲ್ಲರಿ. ದೀಪಾವಳಿ ಆದಮ್ಯಾಲೆ ನಾ ಖರಾಡಿಗೆ ಕರಕೊಂಡು ಹೋಗ್ತೀನಿ," ಎಂದ ರಾಘಣ್ಣ. "ಗ್ವಾಡಿ ಒಣಗಿ, ಕೆಮ್ಮ ನಿಂತು, ತನ್ನ ಕೆಲಸ ತಾ ಮಾಡ್ಕೊಳೋ ಹಂಗಿದ್ರ ಮಾತ್ರ ಇಲ್ಲಿರ್ಲಿ."

ಖರಾಡಿಯಲ್ಲಿ ಅವನ ಹೆಂಡತಿ ಮಂದಾರ ಎಲ್ಲ ಬಟ್ಟೆಯನ್ನೂ ಒಂದೇ ಮಶೀನಿಗೆ ತುರುಕುತ್ತಾಳೆ, ಫ್ರಿಜ್ಜಿನಲ್ಲಿ ತತ್ತಿ ಇಡುತ್ತಾಳೆ. ಅಲ್ಲಿ ಅತ್ತೆಯ ಒಲೆಗೆ ಜಾಗವಿಲ್ಲ, ಗಳಕ್ಕಂತೂ ಇಲ್ಲವೇ ಇಲ್ಲ. ಅಲ್ಲಿಗೆ ಹೋಗುವುದೆಂದರೆ ಅತ್ತೆಗೆ ಇರುವಷ್ಟು ದಿನ ಮೈಲಿಗೆಯ ಅನ್ನ. ಹಾಗಾಗಿ ಅವರು ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಕುಳಿತರು.

ನನಗೇನು ನಷ್ಟ? ಆ ಕೋಣೆ ತೆರವಾದರೆ ನನ್ನ ಪುಸ್ತಕಗಳಿಗೆ ಜಾಗವಾದೀತು.

ಜುಲೈ ೧೫

ಮೇಲೆ ಹೋಗಿ ಬಂದೆ.

"ಹೌದಾ ಮೇಡಂ? ಗೋಡೆ ಪೂರ್ತಿ ಚಂಡಿ ಆಗಿದ್ಯಾ?" ಎಂದ ಮೋಹನದಾಸ್. ಒದ್ದೆಗೆ ಅವರ ಕಡೆ ಚಂಡಿ ಎನ್ನುತ್ತಾರಂತೆ. ನಮ್ಮ ಕಡೆ ಹಟಮಾರಿ ಹುಡುಗಿಯರಿಗೆ ಹಾಗೆನ್ನುತ್ತಾರೆ. ಹೊಳಬಸಪ್ಪನ ಕೋಶಕ್ಕೆ ಇದನ್ನೂ ಸೇರಿಸಿದರೆ ಅವನಿಗೆ ಜ್ವರ ಬಂದೀತು.

"ನಿಮ್ಮ ಬಚ್ಚಲು ಸೋರ್ತದ. ರಿಪೇರಿ ಮಾಡಿಸ್ರಿ," ಎಂದೆ.

"ಸೋರುವುದು ಕಾಣುದಿಲ್ಲ ಮಾರಾಯ್ರೆ. ಮಳೆಗಾಲ ಅಲ್ವಾ, ಹೊರಗಿನ ನೀರು ಬಂದಿರ್ಲಿಕ್ಕೂ ಸಾಕು."

"ಹೊರಗಿನ ಗ್ವಾಡಿ ಅಲ್ಲ ಅದು. ಒಳಗಿಂದು. ಮಳಿ ಏನು ಲಿಫ್ಟ್ ಹತ್ತಿ ಬರ್ತದೇನು?"

ಇಂದೂ ಒಳಗಿನಿಂದ ನೀರುದೋಸೆ ತಂದಳು. ಬೇಡ ಎಂದೆ. ಲಂಚ ಎಷ್ಟು ತೆಳ್ಳಗಿದ್ದರೂ ಲಂಚವೇ.

ಆಗಸ್ಟ್ ೨

ಹೊಳಬಸಪ್ಪನ ಫೋನು.

"ಮೇಡಂ, ಡ್ಯಾಂಪ್ ಅಂದ್ರ ಅರ್ಧ ಪೇಜು ಬರ್ದೀರಲ್ರೀ. ಒಂದು ಶಬ್ದಕ್ಕ ಒಂದ ಅರ್ಥ ಸಾಕ್ರಿ. ಹುಡುಗ್ರು ಪರೀಕ್ಷಾದಾಗ ಬರೀಬೇಕಲ್ಲರಿ."

"ಹಂಗಾದ್ರ ಡ್ಯಾಂಪಿಗೂ ವೆಟ್ಟಿಗೂ ಏನು ಫರಕರಿ?"

"ಎರಡೂ ನೀರ ಅಲ್ಲೇನ್ರಿ?"

ಈ ಮನುಷ್ಯನ ಮುದ್ರಣಾಲಯದಿಂದ ಇನ್ನೂ ಎಷ್ಟು ತಲೆಮಾರಿನ ಹುಡುಗರು ಹಾಳಾಗಬೇಕೋ. ಶಬ್ದ ಅಚ್ಚಿಗೆ ಹೋಗುವ ಮೊದಲು ಇನ್ನೊಮ್ಮೆ ನೋಡೋಣ ಎಂದು ಫೋನು ಇಟ್ಟೆ.

ಗೋಡೆ ಹಾಗೆಯೇ ಇದೆ.

ಆಗಸ್ಟ್ ೧೭

ಹೋಳಿಯ ಹೊತ್ತಿಗೆ ಅತ್ತೆಗೆ ಚಿಕುನ್‌ಗುನ್ಯಾ ಬಂದಿತ್ತು. ಇಡೀ ಸೊಸೈಟಿಗೇ ಬಂದಿತ್ತು. ಎಲ್ಲರೂ ಎದ್ದು ಓಡಾಡುತ್ತಿದ್ದಾರೆ. ಇವರದು ಮಾತ್ರ ನಾಟಕ ಮುಗಿದಿಲ್ಲ. ಚಮಚ ಕೈಯಿಂದ ಜಾರುತ್ತದೆ, ಡಬ್ಬಿಯ ಮುಚ್ಚಳ ಸಡಿಲ ಬಿಟ್ಟಿರುತ್ತಾರೆ, ಸಕ್ಕರೆಗೆ ಇರುವೆ. ಚಪಾತಿ ಬಿಟ್ಟಿದ್ದಾರೆ. ಕೇಳಿದರೆ "ವ್ರತದಾಗ ಅನ್ನ ಸಾಕು" ಎನ್ನುತ್ತಾರೆ. ಅವರ ವ್ರತದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಬೇಳೆ ಇಲ್ಲ. ಚಪಾತಿ ಇಲ್ಲದ ತಿಂಗಳನ್ನು ನಾನು ಯಾವ ಪಂಚಾಂಗದಲ್ಲೂ ಕಂಡಿಲ್ಲ.

ಮಾತ್ರೆಯ ಪಟ್ಟಿಯನ್ನು ಊಟದ ಮೇಜಿನ ಮೇಲೆ ಇಟ್ಟು ಸುಮ್ಮನೆ ಹೋಗುತ್ತಾರೆ. ಬಿಡಿಸಿ ಕೊಡು ಎಂದು ಬಾಯಿಬಿಟ್ಟು ಕೇಳಿದರೆ ಗೌರವಕ್ಕೆ ಕುಂದು. ಅವು ಹಾಗೆ ಬಿದ್ದಿರುವುದನ್ನು ನೋಡಲಾಗದೆ ನಾನೇ ಬಿಡಿಸಿ ಬಟ್ಟಲಿಗೆ ಹಾಕಿಡುತ್ತೇನೆ. ಮೇಜು ಚೊಕ್ಕಟವಾಗಿರಲಿ ಎಂದು.

ಆಗಸ್ಟ್ ೩೦

ಗಣಪತಿಯ ಗದ್ದಲದ ಮಧ್ಯೆ ಮೇಲೆ ಡಬ್ ಡಬ್ ಸದ್ದು. ಮೋಹನದಾಸ್ ಬಚ್ಚಲ ನೆಲ ಒಡೆಸುತ್ತಿದ್ದಾನೆ! ಮೂರು ಸಲ ಸೊಸೈಟಿಯಲ್ಲಿ ಅರ್ಜಿ ಕೊಟ್ಟು ಅವನ ಮರ್ಯಾದೆ ತೆಗೆದ ಮೇಲೆ ಬುದ್ಧಿ ಬಂತು. ಮನೆಯವರೆಲ್ಲ ಟವೆಲ್ ಚೀಲ ಹಿಡಿದುಕೊಂಡು ಹೋಟೆಲಿಗೆ ಹೋಗಿ ಸ್ನಾನ ಮಾಡಿ ಬರುತ್ತಾರೆ. ಇವತ್ತು ಲಿಫ್ಟಿನಲ್ಲಿ ಇಂದೂ ಒದ್ದೆ ಕೂದಲಲ್ಲಿ ನಿಂತಿದ್ದಳು. "ಅಜ್ಜಿ ಕೆಮ್ಮುವುದು ನಮಗೆ ಮೇಲೆ ಕೇಳ್ತದೆ. ಅದಕ್ಕೇ ಇವರು, ಹಬ್ಬ ಆದ್ರೂ ಆಗ್ಲಿ ಒಡೆಸುವ ಅಂದ್ರು," ಎಂದಳು.

ನಾನು ತಲೆಯಾಡಿಸಿದೆ. ಕೆಮ್ಮು ಕೇಳಿ ಕಲ್ಲು ಒಡೆಸುವವನು ಹೋಟೆಲ್ ಹೇಗೆ ನಡೆಸುತ್ತಾನೋ.

ಸೆಪ್ಟೆಂಬರ್ ೪

ಪ್ಲಂಬರ್ ಹೇಳಿದನಂತೆ, ಪೈಪು ಒಣಗಿದ ಎಲುಬಿನ ಹಾಗಿದೆ, ನೆಲದ ಕೆಳಗೆ ಹನಿ ನೀರಿಲ್ಲ. ಮೋಹನದಾಸ್ ನನ್ನನ್ನು ಕರೆದು ತೋರಿಸಿದ. ನಾನು ನಂಬಲಿಲ್ಲ. ಅವನ ಪ್ಲಂಬರ್ ಅವನ ಮಾತನ್ನೇ ಆಡುತ್ತಾನೆ.

ಸೆಪ್ಟೆಂಬರ್ ೧೯

ಮಾಯಿಸ್ಟ್‌ಗೆ ಬಂದೆ. ಹಳೆಯ ಕೋಶದಲ್ಲಿ ಉದಾಹರಣೆ: 'ಅವಳ ಕಣ್ಣು ಮಾಯಿಸ್ಟ್ ಆಯಿತು.' ಇಂಗ್ಲಿಷ್ ಪುಸ್ತಕದಲ್ಲಿ ಕಣ್ಣಿಗೆ ಬೇರೆ ಕೆಲಸವೇ ಇಲ್ಲ. ಹೊಡೆದು ಹಾಕಿ 'ಹಿಟ್ಟನ್ನು ಮಾಯಿಸ್ಟ್ ಬಟ್ಟೆಯಿಂದ ಮುಚ್ಚಿಡಿ' ಎಂದು ಬರೆದೆ. ಹಿಟ್ಟು ಎಂದು ಬರೆದಾಗ ನೆನಪಾಯಿತು, ಅತ್ತೆಯ ಚಪಾತಿ ತಿಂದು ಎಷ್ಟೋ ತಿಂಗಳಾಯಿತು. ತೆಳ್ಳಗೆ ಮಾಡುತ್ತಿದ್ದರು. ನನ್ನ ಗಂಡ ಭುಜಂಗ ಇದ್ದಾಗ, ಮಡಿ ಇಳಿದ ಮೇಲೆ, ಅವನಿಗೆಂದು ಮಾಡಿದ್ದರಲ್ಲಿ ನನಗೂ ಎರಡು ಇಡುತ್ತಿದ್ದರು. ಇಡುವಾಗ ಮುಖ ಗಂಟು ಹಾಕಿಕೊಂಡೇ ಇಡುತ್ತಿದ್ದರು.

ಅಕ್ಟೋಬರ್ ೭

ಮಳೆ ಹೋಗಿ ಆಯಿತು. ಬಾಲ್ಕನಿಯ ತುಳಸಿ ಒಂದು ಹೊತ್ತು ನೀರು ತಪ್ಪಿದರೆ ಬಾಡುತ್ತದೆ. ಮೇಲೆ ಹೊಸ ಟೈಲ್ಸ್ ಕೂತಿದೆ. ಆದರೂ ಗೋಡೆಗೆ ಅಂಗೈ ಇಟ್ಟರೆ ತಣ್ಣಗೆ, ಅಂಟು ಅಂಟು. ಸೊಸೈಟಿಯ ಸೆಕ್ರೆಟರಿ ಹರಿಶ್ಚಂದ್ರ ಬಂದು ಬೆರಳಿಂದ ಕೆರೆದು "ಓಲ್ ಆಹೇ, ಮ್ಯಾಡಮ್" ಎಂದು ಮರಾಠಿಯಲ್ಲಿ ಸಾರಿ ಹೋದ. ತೇವವಿದೆಯಂತೆ! ಇಷ್ಟು ದಿನ ನಾನೇನು ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆನೆ?

ರಾಘಣ್ಣ ಫೋನು ಮಾಡಿದ. ಮಂದಾರಳ ತಾಯಿತಂದೆ ಊರಿಗೆ ಹೋದರಂತೆ, ಕೋಣೆ ಖಾಲಿಯಂತೆ. "ದೀಪಾವಳಿಗೆ ಬಂದು ಪಕ್ಕಾ ಮಾಡೋಣ್ರಿ ವೈನಿ." ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳದಂತೆ ನಟಿಸುವುದರಲ್ಲಿ ಅವರಷ್ಟು ಕೆಟ್ಟ ನಟಿಯನ್ನು ನಾನು ನೋಡಿಲ್ಲ.

ಅಕ್ಟೋಬರ್ ೮

ಬೆಳಿಗ್ಗೆ ಅತ್ತೆಯ ಕೋಣೆಯಿಂದ ಧಡಾರ್ ಎಂದು ಸದ್ದು. ಮಡಿಯ ಹೊತ್ತು. ಆದರೂ ಬಾಗಿಲು ತಳ್ಳಿದೆ.

ಬಿದ್ದದ್ದು ಅವರಲ್ಲ, ಕೋಲು. ಅತ್ತೆ ಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಹೆಗಲ ಮೇಲೆ ಒಂಬತ್ತು ವಾರಿ ಸೀರೆ. ಅದರಿಂದ ನೀರು ಧಾರೆಯಾಗಿ ಸುರಿದು ಪಾದದ ಸುತ್ತ ಕೆರೆಯಾಗಿತ್ತು. ಹಿಂಡಿಯೇ ಇಲ್ಲ. ಸೀರೆಯ ಅರ್ಧ ಗಳದ ಮೇಲಿತ್ತು, ಗೋಡೆಗೆ ಒತ್ತಿಕೊಂಡು. ಛಾವಣಿಯ ಬಳಿ ಶುರುವಾಗಿ ಎದೆಮಟ್ಟದವರೆಗೆ, ಸೀರೆಯ ಅಗಲಕ್ಕೆ ಸರಿಯಾಗಿ ಆ ತೇವ.

ನಾನು ಟವೆಲ್ ಹಿಡಿದು ಮುಂದೆ ಹೋದೆ.

"ಮುಟ್ಟಬ್ಯಾಡ!"

ಚಳಿಗೆ ಗಡಗಡ ನಡುಗುತ್ತಿದ್ದರು. ಹಲ್ಲು ಕಟಕಟ ಅನ್ನುತ್ತಿದ್ದವು. ಆ ಸ್ಥಿತಿಯಲ್ಲೂ ಮುಟ್ಟಬೇಡ! ನಾನು ಟವೆಲ್ ಹಿಡಿದುಕೊಂಡು ಹೊಸ್ತಿಲಲ್ಲಿ ಮೂರ್ಖಳ ಹಾಗೆ ನಿಂತೆ.

"ಯಾಕ ಹಿಂಡಿಲ್ಲರಿ ಅತ್ಯಾ?"

ಅವರು ಎರಡೂ ಕೈ ಮುಂದೆ ಚಾಚಿದರು. ಬೆರಳು ಮುಚ್ಚಲು ಹೋದರು. ಅರ್ಧಕ್ಕೆ ನಿಂತವು.

"ಆಗವೊಲ್ತು," ಎಂದರು. "ಜಡ್ಡಾದಾಗಿಂದ ಆಗವೊಲ್ತು. ರಾಘಣ್ಣಗ ಹೇಳಬ್ಯಾಡ. ಮಡಿ ಆಗೂದಿಲ್ಲಂತ ಗೊತ್ತಾದ್ರ ನಾಳೆನ ಎತ್ಕೊಂಡು ಹೋಗ್ತಾನ."

ಎಂಥ ಹುಂಬತನ! ಹೋಳಿಯಿಂದ ಇಲ್ಲಿಯವರೆಗೆ ತಾವೇ ಗೋಡೆ ತೋಯಿಸಿ, ತಾವೇ ಅದರ ಪಕ್ಕದಲ್ಲಿ ಮಲಗಿ, ತಾವೇ ಕೆಮ್ಮಿದ್ದಾರೆ. ಮೇಲಿನವರು ನೆಲ ಒಡೆಸುವಾಗ ಒಳಗೆ ಜಪ ಮಾಡುತ್ತ ಕೂತಿದ್ದರು. ಒಂದು ಮಾತು ಹೇಳಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಟೋಬರ್ ೯

ಮಶೀನಿನಲ್ಲಿ ಬರೇ ನೀರು ತೆಗೆದು ಕೊಡುತ್ತೇನೆ ಎಂದೆ. "ಅದರಾಗ ನಿನ್ನ ಪೆಟಿಕೋಟು ತಿರುಗ್ಯದ," ಎಂದರು. ರೇಷ್ಮೆ ಉಡಿ, ಒಗೆಯುವುದೇ ಬೇಡ ಎಂದೆ. "ದಿನಾ ಉಟ್ಟ ಪಟ್ಟೆಗೆ ಏನು ಮಡಿ?" ಎಂದರು. ಕೆಲಸದವಳಿಗೆ ಹೇಳೋಣವೇ ಎಂದು ಕೇಳುವ ಧೈರ್ಯ ಮಾಡಲಿಲ್ಲ.

"ಮಡಿಯಾಗ ಇದ್ದವ್ರು ಹಿಂಡಬಹುದು," ಎಂದರು ಗೋಡೆಯ ಕಡೆ ನೋಡುತ್ತ. "ತಲಿಮ್ಯಾಲೆ ನೀರು ಹಾಕ್ಕೊಂಡು, ಒದ್ದಿ ಬಟ್ಟಿಲೆ ನಿಂತವ್ರು ಯಾರಾದ್ರೂ."

ಯಾರಾದರೂ ಅಂತೆ. ಈ ಮನೆಯಲ್ಲಿ ಯಾರಾದರೂ ಎಂದರೆ ಎಷ್ಟು ಜನ ಇದ್ದಾರೆ?

ಅಕ್ಟೋಬರ್ ೧೦

ಗೋಡೆಯ ಸಲುವಾಗಿ ಮಾತ್ರ.

ಬೆಳಿಗ್ಗೆ ಎದ್ದು, ಗೀಸರಿನ ನೀರು ಅತ್ತೆ ಬೇಡವೆಂದದ್ದಕ್ಕೆ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡು, ಹಳೆಯ ಹತ್ತಿ ಸೀರೆ ನೆನೆಸಿ ಸುತ್ತಿಕೊಂಡು ಅವರ ಬಚ್ಚಲಲ್ಲಿ ನಿಂತೆ. ಇಡೀ ಜನ್ಮ ಇದನ್ನು ನೋಡಿ ನಕ್ಕವಳು ನಾನು. ಸ್ಟಾಫ್ ರೂಮಿನಲ್ಲಿ ಇದರ ಅಭಿನಯ ಮಾಡಿ ತೋರಿಸುತ್ತಿದ್ದೆ.

ಅತ್ತೆ ಸೀರೆಯ ಒಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡರು. ಅದಕ್ಕೆ ಬೆರಳು ಬೇಕಿಲ್ಲ. ಇನ್ನೊಂದು ತುದಿ ಹಿಡಿದು ನಾನು ತಿರುವತೊಡಗಿದೆ.

"ಹಿಂಗ ಹಿಂಡ್ತಾರೇನ? ಬಲಕ್ಕ ತಿರುವು. ನಲ್ಲಿ ಮುಟ್ಟಿದಿ! ಕೈ ತೊಳಿ. ಇಷ್ಟು ಕಲ್ತು ಏನು ಬಂತು?"

ಸೀರೆ ಹಗ್ಗವಾಯಿತು. ನೀರು ಮೊದಲು ಧಾರೆ, ಆಮೇಲೆ ಹನಿ. ನನ್ನ ತೋಳು ಬಿದ್ದು ಹೋದವು. ಎಳೆತಕ್ಕೆ ಅತ್ತೆ ಒಂದು ಹೆಜ್ಜೆ ನನ್ನ ಕಡೆ ಜಾರಿ ಬಂದರು, ಮತ್ತೆ ಹಿಂದೆ ಸರಿದು ಕಾಲೂರಿ ನಿಂತರು. ಇಷ್ಟು ಹತ್ತಿರದಿಂದ ಅವರನ್ನು ನೋಡಿದ್ದು ಭುಜಂಗ ಹೋದ ದಿನ. ಆವತ್ತು ಎಲ್ಲರಿಗೂ ಮೈಲಿಗೆಯಾದ್ದರಿಂದ ಒಬ್ಬರನ್ನೊಬ್ಬರು ಹಿಡಿದುಕೊಳ್ಳಲು ಅಡ್ಡಿ ಇರಲಿಲ್ಲ.

ಶೀತವಾಗಿದೆ. ನಾಳೆ ಮಾಡುವುದಿಲ್ಲ.

ಅಕ್ಟೋಬರ್ ೧೧

ಮಾಡಿದೆ. ಗೋಡೆ ಒಣಗಬೇಕಲ್ಲ.

ಅಕ್ಟೋಬರ್ ೧೩

ಮೋಹನದಾಸನಿಗೆ ಹೇಳದೆ ಗತಿಯಿರಲಿಲ್ಲ. ಅವನು ಲಿಫ್ಟಿನಲ್ಲಿ ರಾಘಣ್ಣನಿಗೆ ಸಿಕ್ಕರೆ 'ನಮ್ಮ ನೀರಲ್ಲ' ಎಂದು ಹಾಡಿಬಿಡುತ್ತಾನೆ, ಆಮೇಲೆ ಯಾರ ನೀರು ಎಂದು ರಾಘಣ್ಣ ಹುಡುಕುತ್ತಾನೆ. ಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ತಪ್ಪು ಎಂದೂ ಹೇಳಿದೆ, ನಿಂತುಕೊಂಡೇ.

ಎಂದಿನಂತೆ ಹಲ್ಲು ತೋರಿಸುತ್ತಾನೆ ಎಂದುಕೊಂಡಿದ್ದೆ. ಮುಖ ಕೆಂಪಾಯಿತು.

"ಎಂತ ಮೇಡಂ ಇದು! ಸೊಸೈಟಿ ಮೀಟಿಂಗಲ್ಲಿ ಎಲ್ಲರೆದುರು ನನಗೆ ಬೈದ್ರಿ. ಹಬ್ಬದಲ್ಲಿ ನನ್ನ ಹೆಂಡತಿ ಮಕ್ಕಳು ಹೋಟೆಲಲ್ಲಿ ಮಿಂದ್ರು. ನೀವು ಕಲಿತವರಲ್ವಾ? ಆ ಸೀರೆಯನ್ನು ಒಂದ್ಸಲ ತಲೆಯೆತ್ತಿ ನೋಡ್ಲಿಕ್ಕೆ ನಿಮಗೆ ಆಗ್ಲಿಲ್ವಾ?"

ಬೈದ, ಚೆನ್ನಾಗಿಯೇ ಬೈದ. ಆ ಮನುಷ್ಯನಲ್ಲಿ ಬೆಲ್ಲವಿಲ್ಲದ ಜಾಗವೂ ಇದೆ ಎಂದು ಮೊದಲ ಸಲ ಗೊತ್ತಾಯಿತು. ಅವನು ಮುಗಿಸುವ ತನಕ ಕಾದು, ರಾಘಣ್ಣನಿಗೆ ಹೇಳಬೇಡಿ ಎಂದೆ. ಯಾಕೆ ಎಂದೂ ಹೇಳಬೇಕಾಯಿತು. ಬೇಡುವುದು ನನಗೆ ಅಭ್ಯಾಸವಿಲ್ಲ, ಎರಡು ಸಲ ತೊದಲಿದೆ.

ಇಂದೂ ಅವನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ.

"ನಾನು ಹೋಟೆಲಿನವ. ಅಡುಗೆಮನೆಯೊಳಗಿನ ಸಂಗತಿ ಹೊರಗೆ ಟೇಬಲ್ಲಿಗೆ ಹೇಳುವ ಕ್ರಮ ಇಲ್ಲ ನಮ್ಮಲ್ಲಿ," ಎಂದ. "ನೀವಿನ್ನು ಹೋಗಿ."

ಈ ಸಲ ನೀರುದೋಸೆ ಬರಲಿಲ್ಲ.

ಅಕ್ಟೋಬರ್ ೧೮

ದೀಪಾವಳಿ ಬಂತು. ಪಕ್ಕದ ಮನೆಯವರ ಆಕಾಶಬುಟ್ಟಿ ನನ್ನ ಮೇಜಿನ ಮೇಲೆ ಬಣ್ಣ ಚೆಲ್ಲಿ ಶಬ್ದಗಳನ್ನು ಕಾಣದಂತೆ ಮಾಡುತ್ತದೆ.

ಗಳವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಕಟ್ಟಿಸಿದೆ. ಕಟ್ಟಿದವನು ಹೋದ ಮೇಲೆ ಅತ್ತೆ ಅದಕ್ಕೆ ನೀರು ಚಿಮುಕಿಸಿ ಶುದ್ಧ ಮಾಡಿಕೊಂಡರು. ಕಿಟಕಿ ತೆರೆಯಲು ಒಪ್ಪಿದ್ದಾರೆ. ಗೋಡೆ ಒಣಗುತ್ತಿದೆ, ಬಿಳಿ ಪುಡಿ ಉದುರುತ್ತಿದೆ. ಕೆಮ್ಮು ಕಡಿಮೆ. ಇವತ್ತು ಬೆಳಿಗ್ಗೆ ನನ್ನ ಹಿಂಡುವಿಕೆಯ ಬಗ್ಗೆ ಅವರ ತೀರ್ಪು: "ಭಾಳ ಬಿಗಿ ಹಿಂಡ್ತಿ. ಸೀರಿ ಹರೀತದ. ಸಿಟ್ಟು ಸೀರಿಮ್ಯಾಲೆ ಯಾಕ?"

ಹೊಗಳಿಕೆ ಎಂಬುದು ಆ ಬಾಯಿಗೆ ಮೈಲಿಗೆ ಇರಬೇಕು.

ಅಕ್ಟೋಬರ್ ೨೪

ರಾಘಣ್ಣ ಬಂದ, ಮಿಠಾಯಿ ಡಬ್ಬಿ ಹಿಡಿದು. ನೇರ ಗೋಡೆಯ ಬಳಿ ಹೋಗಿ ಅಂಗೈ ಇಟ್ಟ, ಕೆನ್ನೆಯನ್ನೂ ಇಟ್ಟ. ಇಂಜಿನಿಯರನಲ್ಲವೇ. ಒಣಗಿತ್ತು.

"ಲಿಫ್ಟಿನ್ಯಾಗ ಮೋಹನದಾಸರು ಸಿಕ್ಕಿದ್ರು. ಲೀಕೇಜ್ ನಮ್ದೇ ಇತ್ತು, ಸರಿ ಮಾಡ್ಸಿದ್ವಿ ಅಂದ್ರು. ಭಾಳ ಛಲೋ ಮನಶ್ಯಾ ಅದಾರ," ಎಂದ.

ನಾನು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ನಲ್ಲಿ ತಿರುಗಿಸಿ ಬಂದೆ. ಹೇಳಬೇಡ ಎಂದಿದ್ದೆ ಅಷ್ಟೆ. ಆ ಪುಣ್ಯಾತ್ಮ ತಪ್ಪನ್ನೇ ಹೊತ್ತುಕೊಂಡಿದ್ದಾನೆ. ಇಂಥವರ ಜೊತೆ ಜಗಳ ಮುಂದುವರಿಸುವುದು ಎಷ್ಟು ಕಷ್ಟ.

ಬಂದು ನೋಡಿದರೆ ರಾಘಣ್ಣ ಡಬ್ಬಿಯನ್ನು ತಾಯಿಯ ತೊಡೆಯ ಮೇಲೆ ಇಟ್ಟಿದ್ದ. "ಅವ್ವಾ, ನೀನ ಬಿಚ್ಚು. ನಿನ್ನ ಕೈಲೆ ನನಗೊಂದು ಕೊಡು."

ಬಿಗಿ ಮುಚ್ಚಳದ ಡಬ್ಬಿ, ಮೇಲೆ ಟೇಪು. ಅತ್ತೆ ಎರಡೂ ಕೈಯನ್ನು ಸೆರಗಿನ ಕೆಳಗೆ ಇಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡುವವರಲ್ಲ ಅವರು. ಡಬ್ಬಿಯನ್ನೇ ನೋಡುತ್ತಿದ್ದರು. ರಾಘಣ್ಣ ಅವರ ಸೆರಗನ್ನು ನೋಡತೊಡಗಿದ.

"ತಗೀರಿ ಅದನ್ನ!" ಎಂದು ನಾನು ಗದರಿದೆ. "ಚಾತುರ್ಮಾಸ ಇನ್ನೂ ಮುಗದಿಲ್ಲ. ಅಂಗಡಿ ಡಬ್ಬಿ ತಂದು ಮಡಿ ತೊಡಿಮ್ಯಾಲೆ ಇಡ್ತೀರಲ್ಲ, ನಿಮಗೇನರೆ ಪದ್ಧತಿ ಅದನೋ ಇಲ್ಲೋ? ಈಗ ಅವ್ರು ಮತ್ತ ತಲಿಮ್ಯಾಲೆ ನೀರು ಹಾಕ್ಕೋಬೇಕು!"

ರಾಘಣ್ಣ ಡಬ್ಬಿಯನ್ನು ತಟ್ಟನೆ ಎತ್ತಿಕೊಂಡ. "ನೀವು ಯಾವಾಗಿಂದ ಮಡಿ ಹೇಳ್ಲಿಕ್ಕೆ ಹತ್ತಿದ್ರಿ, ವೈನಿ?"

"ಮನ್ಯಾಗ ಹಿರಿಯರದಾರ. ನಡಸ್ಬೇಕಾಗ್ತದ."

"ಸೀರಿ ಗೀರಿ ಎಲ್ಲಾ ಅವ್ವನ ಮಾಡ್ಕೋತಾಳೇನು?"

"ಮತ್ಯಾರು ಮಾಡ್ತಾರ? ನನಗ ಮುಟ್ಲಿಕ್ಕೆ ಬಿಡ್ತಾರೇನು ಅವ್ರು?"

ಸುಳ್ಳು ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನನ್ನ ಬಾಯಿ ಒಣಗಲೂ ಇಲ್ಲ. ರಾಘಣ್ಣ ಚಹಾ ಕುಡಿದು, ಖರಾಡಿಯ ಮಾತು ಎತ್ತದೆ ಹೋದ. ನನ್ನ ಪುಸ್ತಕಗಳಿಗೆ ಕೋಣೆ ಸಿಗುವ ಯೋಗ ತಪ್ಪಿತು. ಆಮೇಲೆ ಅತ್ತೆ ನಿಜವಾಗಿಯೂ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರು. ಡಬ್ಬಿ ತಾಗಿತ್ತಲ್ಲ. ಇನ್ನೊಂದು ಸೀರೆ ಹಿಂಡುವುದು ನನ್ನ ಪಾಲಿಗೆ ಬಂತು.

ಅಕ್ಟೋಬರ್ ೨೯

ಮೊದಲ ಕರಡು ಬಂತು. ಡ್ಯಾಂಪ್ ಎಂಬಲ್ಲಿ ನಾನು ಬರೆದ 'ಇರಬಾರದ ಕಡೆ ಇರುವ ತೇವ' ತಪ್ಪು. ಮೇಲಿನವರ ಬೇಜವಾಬ್ದಾರಿಯ ವಾಕ್ಯವಂತೂ ಹೊಡೆದು ಹಾಕಿದೆ. ಅರ್ಥ ತಿದ್ದಿದೆ: 'ಹಿಂಡಿದ ಮೇಲೂ ಉಳಿಯುವ ನೀರು.' ಇದಕ್ಕಿಂತ ಸರಿಯಾಗಿ ಯಾವ ಕೋಶದಲ್ಲೂ ಇಲ್ಲ. ಎಷ್ಟು ಬಿಗಿಯಾಗಿ ತಿರುವಿದರೂ ಸೀರೆ ಒಣಗಿ ಕೈಗೆ ಬರುವುದಿಲ್ಲ, ಸ್ವಲ್ಪ ಉಳಿದೇ ಇರುತ್ತದೆ. ಅದು ಗಾಳಿಯ ಕೆಲಸ, ನಮ್ಮದಲ್ಲ.

ಹೊಳಬಸಪ್ಪ ಫೋನು ಮಾಡಿ ನಕ್ಕ. "ಇದೇನ್ರಿ ಮೇಡಂ, ಒಗಟಾ? ತೇವ ಅಂತ ಹಾಕ್ತೀನ್ರಿ, ಮೂರ ಶಬ್ದದ ಜಾಗಾ ಉಳೀತದ."

ಹಾಕಿಕೊಳ್ಳಲಿ. ಅವನು ಒಂದು ದಿನವೂ ಸೀರೆ ಹಿಂಡಿದವನಲ್ಲ.

ನವೆಂಬರ್ ೨

ಚಾತುರ್ಮಾಸ ಮುಗಿಯಿತು. ಅತ್ತೆ ಬೇಳೆ ಹಾಕಿ ಸಾರು ಮಾಡಿದರು. ಮೇಲಿನವರಿಗೂ ಒಂದು ಪಾತ್ರೆ ಕೊಟ್ಟು ಬಾ ಎಂದರು. ಕೊಟ್ಟು ಬಂದೆ. ಮೋಹನದಾಸ್ ಮುಚ್ಚಳ ತೆಗೆದು ಮೂಸಿ "ಬೆಲ್ಲ ಹಾಕ್ಲಿಲ್ವಾ?" ಎಂದ. ಈ ಜನ ಸುಧಾರಿಸುವುದಿಲ್ಲ.

ಸಂಜೆ ಅತ್ತೆ, "ವ್ರತ ಮುಗೀತು. ನಾಳಿಯಿಂದ ನಾ ಹೆಂಗರೆ ಮಾಡ್ಕೋತೀನಿ. ನೀ ಮಲ್ಕೋ," ಎಂದರು.

ಸರಿ ಎಂದೆ. ಅಬ್ಬಾ, ಮುಗಿಯಿತು. ಗೋಡೆಯೂ ಒಣಗಿದೆ. ನಾಳೆ ಬಿಸಿಲು ಬರುವ ತನಕ ಹೊದ್ದು ಮಲಗುತ್ತೇನೆ.

ನವೆಂಬರ್ ೩

ಎಚ್ಚರವಾಗಿಬಿಟ್ಟಿತು. ಕೆಟ್ಟ ಅಭ್ಯಾಸ. ಸುಮ್ಮನೆ ಬಿದ್ದುಕೊಂಡಿದ್ದರೆ ಮತ್ತೆ ನಿದ್ದೆ ಬರುತ್ತಿತ್ತು. ಕಿವಿಗೊಟ್ಟೆ. ನೀರು ಬೀಳುವ ಸದ್ದಿಲ್ಲ, ಕೋಲಿನ ಸದ್ದೂ ಇಲ್ಲ. ಬಿದ್ದುಗಿದ್ದರೋ ಏನೋ, ಹೇಗೂ ಎದ್ದಾಗಿದೆ ಎಂದು ನನ್ನ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆ ಸುತ್ತಿ ಹೋದೆ.

ಅತ್ತೆಯ ಬಾಗಿಲು ತೆರೆದೇ ಇತ್ತು. ಮಡಿಯ ಹೊತ್ತಿನಲ್ಲಿ ಅದು ತೆರೆದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ. ಬಚ್ಚಲಲ್ಲಿ ಅವರು ಸೀರೆಯ ಒಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದರು. ಇನ್ನೊಂದು ತುದಿಯನ್ನು ಬಾಗಿಲ ಕಡೆಯ ಬಕೀಟಿನ ಅಂಚಿಗೆ, ನನ್ನ ಕೈಗೆ ಸಿಗುವಂತೆ ಹಾಕಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ತುಟಿ ನೀಲಿಯಾಗಿತ್ತು.

"ತಡಾ ಮಾಡಿದಿ," ಎಂದರು.

ಈ ವಯಸ್ಸಿನಲ್ಲಿ ಏನು ಸೊಕ್ಕು! ತುದಿ ಎತ್ತಿಕೊಂಡು ಬಲಕ್ಕೆ ತಿರುವಿದೆ.